ಪೆನ್ಸಿಲಿನ ಮೇಲೆ ಮಸಿ

“ಆ ಕುರ್ಚಿ ಬೇಡ ಮೇಡಂ!”

ಕೂರಲು ಬಗ್ಗಿದ್ದ ಇನ್ಸ್‌ಪೆಕ್ಟ್ರಮ್ಮ ಅರ್ಧಕ್ಕೇ ನಿಂತರು. ಮಂಡಿನೋವಿನವರಿಗೆ ಅರ್ಧಕ್ಕೆ ನಿಲ್ಲುವುದೆಂದರೆ ಶಿಕ್ಷೆಯೇ ಸರಿ. ಆದರೂ ನಿಂತರು, ಯಾಕೆಂದರೆ ಕೂಗಿದ ಹುಡುಗಿಯ ದನಿ ನಡುಗಿತ್ತು.

ಆರು ದಿನದ ಹಿಂದೆ, ನಡುಮಧ್ಯಾಹ್ನ, ಮೇಷ್ಟ್ರು ಪ್ರಾಣ ಬಿಟ್ಟದ್ದು ಚಕ್ರದ ಆ ಕುರ್ಚಿಯಲ್ಲೇ. ಮುರಿದ ಎಡಗಾಲಿನ ಪ್ಲಾಸ್ಟರಿನಿಂದ ಉದುರಿದ ಬಿಳಿ ಪುಡಿ ಕಾಲುಮಣೆಯ ಮೇಲೆ ಇನ್ನೂ ಹಾಗೇ ಇತ್ತು. ಒರೆಸಲು ಯಾರಿಗೂ ಮನಸ್ಸು ಬಂದಿರಲಿಲ್ಲ.

“ಆಯ್ತು ತಾಯಿ, ನಿಂತೇ ಮಾತಾಡೋಣ. ಆದ್ರೆ ಬೇಗ ಬೇಗ ಹೇಳು, ನನ್ನ ಮಂಡಿಗೆ ನಿನ್ನಷ್ಟು ತಾಳ್ಮೆ ಇಲ್ಲ.”

ಹುಡುಗಿ ಮೇಷ್ಟ್ರ ಸೊಸೆ. ಗಂಡ ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಮಾವನ ಈ ಷೇರು ವ್ಯವಹಾರದ ಕೋಣೆಯೇ ಅವಳಿಗೆ ಮನೆ, ಮಾವನೇ ತಂದೆ. ಈಗ ಆ ಮಾವನ ಸಾವಿಗೆ ಅವಳ ಕಡೆಯೇ ಎಲ್ಲರೂ ಬೆರಳು ಮಾಡುತ್ತಿದ್ದರು.

ಇನ್ಸ್‌ಪೆಕ್ಟ್ರಮ್ಮ ನಿವೃತ್ತರಾಗಿ ಮೂರು ವರ್ಷವಾಗಿತ್ತು. ಸಂಬಳ ನಿಂತಿತು, ಹೆಸರು ಮಾತ್ರ ನಿಲ್ಲಲಿಲ್ಲ. ಠಾಣೆಯ ಈಗಿನ ಅಧಿಕಾರಿ ಅವರ ಕೈಕೆಳಗೆ ಪಳಗಿದವನು. ‘ಮೇಡಂ, ಈ ಷೇರುಪೇಟೆ ನಂಗೆ ತಲೆಬುಡ ಅರ್ಥ ಆಗಲ್ಲ. ನೀವೇ ನೋಡಿ ನಾಲ್ಕು ಸಾಲು ಬರ್ಕೊಡಿ’ ಎಂದು ತಗುಲಿಹಾಕಿದ್ದ. ಇವತ್ತು ಸಂಜೆ ನಾಲ್ಕಕ್ಕೆ ಆ ಸಾಲುಗಳು ಅವನ ಮೇಜಿನ ಮೇಲಿರಬೇಕು. ಸೊಸೆ ಮನೆಗೆ ಹೋಗುವಳೋ ಲಾಕಪ್ಪಿಗೋ ಎಂಬುದು ಆ ನಾಲ್ಕು ಸಾಲಿನ ಮೇಲೆ ನಿಂತಿತ್ತು. ಈಗಾಗಲೇ ಎರಡೂ ಕಾಲು.

“ಇನ್ನೊಂದ್ಸಲ ಹೇಳು. ‘ಬೇಡ’ ಅನ್ನೋದು ಹೇಗೆ?”

ಸೊಸೆ ಗೋಡೆಯ ಮೇಲಿನ ಪರದೆಗಳತ್ತ ನೋಡಿದಳು. ಅಂಕಿಗಳು ಬೆಳಗಿನಿಂದಲೂ ಕೆಂಪಗೇ ಇದ್ದವು.

“ವ್ಯವಹಾರ ಎಲ್ಲಾ ಮಾಡೋದು ಗಿಣಿ.” ಅದು ಅವಳೇ ಬರೆದ ಕಂಪ್ಯೂಟರ್ ಪ್ರೋಗ್ರಾಮು. ಹೇಳಿಕೊಟ್ಟದ್ದನ್ನಷ್ಟೇ ಹೇಳುತ್ತದೆ ಎಂದು ಮೇಷ್ಟ್ರು ಆ ಹೆಸರಿಟ್ಟಿದ್ದರು. “ನಿಯಮ ಮಾವಂದು, ಅದನ್ನ ಗಿಣಿಗೆ ಕಲಿಸಿದ್ದು ನಾನು. ಬೆಲೆ ಇಷ್ಟಕ್ಕಿಂತ ಇಳಿದ್ರೆ ಎಲ್ಲಾ ಮಾರಿಬಿಡು ಅಂತ ಒಂದು ನಿಯಮ. ಮಾರೋಕೆ ಮುಂಚೆ ಗಂಟೆ ಹೊಡೆಯತ್ತೆ. ಅರವತ್ತು ಸೆಕೆಂಡು ಕಾಯತ್ತೆ. ಅಷ್ಟರೊಳಗೆ ಮಾವ ಬೇಡ ಅನ್ನಬಹುದು. ಆದ್ರೆ ಕೂತಲ್ಲೇ ಅನ್ನೋ ಹಾಗಿಲ್ಲ. ಏಳಬೇಕು, ಆ ಗೋಡೆ ತನಕ ನಡೀಬೇಕು, ಪುಸ್ತಕದಲ್ಲಿ ಟೈಮು, ಕಾರಣ, ಸಹಿ ಹಾಕಬೇಕು. ಆಮೇಲೆ ಅಲ್ಲೇ ತಮ್ಮ ಗುಟ್ಟಿನ ನಂಬರ್ ಒತ್ತಬೇಕು.”

“ಏಳೋದು ಯಾಕಮ್ಮ?”

“ಕೂತವನಿಗೆ ಭಯ ಜಾಸ್ತಿ ಅನ್ನೋರು ಮಾವ. ಎದ್ದು ಹತ್ತು ಹೆಜ್ಜೆ ಹಾಕಿದ ಮೇಲೂ ಅದೇ ಅನಿಸಿದ್ರೆ ಅದು ವಿವೇಚನೆ. ಹೆಜ್ಜೆ ಹಾಕೋವಾಗ ಮನಸ್ಸು ಬದಲಾದ್ರೆ ಅದು ಬರೀ ದಿಗಿಲು.”

ಇನ್ಸ್‌ಪೆಕ್ಟ್ರಮ್ಮನಿಗೆ ಎಲ್ಲೋ ಚುಚ್ಚಿದಂತಾಯಿತು. ಹತ್ತೊಂಬತ್ತು ವರ್ಷದ ಹಿಂದೆ ಅವರೂ ಒಂದು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ಒಳಗಿನಿಂದ ಒಬ್ಬ ಹೆಂಗಸು ಬಾಗಿಲು ಕುಟ್ಟುತ್ತಿದ್ದಳು. ಅಪ್ಪಣೆಯ ಕಾಗದವಿಲ್ಲದೆ ಒಡೆಯಬಾರದೆಂಬ ನಿಯಮ. ಕಾಗದ ಬರುವಷ್ಟರಲ್ಲಿ ಕುಟ್ಟುವುದು ನಿಂತಿತ್ತು. ನಿಯಮ ಪಾಲಿಸಿದ್ದಕ್ಕೆ ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಅದಕ್ಕೇ ಇರಬೇಕು, ಮೊದಲ ದಿನವೇ ಈ ಹುಡುಗಿಯ ಮುಖ ನೋಡಿ ‘ಇವಳಲ್ಲ’ ಎಂದು ತೀರ್ಮಾನಿಸಿಬಿಟ್ಟಿದ್ದರು. ಸಾಕ್ಷಿ ಬೇರೆ ಮಾತು ಹೇಳುತ್ತಿತ್ತು. ಹೇಳಲಿ ಎಂದುಕೊಂಡಿದ್ದರು.

ಸಾಕ್ಷಿಯೇನೋ ಸರಳ. ಡಾಕ್ಟರ ಪ್ರಕಾರ ಮೇಷ್ಟ್ರ ಹೃದಯ ನಿಂತದ್ದು ಎರಡೂ ಹತ್ತಕ್ಕೆ ಮೊದಲು. ಗಂಟೆ ಹೊಡೆದದ್ದು ಎರಡೂ ಇಪ್ಪತ್ತೈದಕ್ಕೆ. ಆ ಅರವತ್ತು ಸೆಕೆಂಡಿನಲ್ಲಿ ಮೇಷ್ಟ್ರಿಗೆ ಮಾತ್ರ ಗೊತ್ತಿದ್ದ ನಂಬರನ್ನು ಯಾರೋ ಒತ್ತಿ ‘ಬೇಡ’ ಅಂದಿದ್ದರು, ಕುರ್ಚಿಯಲ್ಲಿದ್ದವರಿಗಾಗಿ ಮಾತ್ರ ಯಾರನ್ನೂ ಕರೆದಿರಲಿಲ್ಲ. ನಿನ್ನೆ ಕೈಗೆ ಸಿಕ್ಕ ಪುಸ್ತಕದಲ್ಲಿ ಮೇಷ್ಟ್ರ ಕೈಬರಹವೂ ಇತ್ತು: ‘2:25. ಈ ಇಳಿತ ಸುಳ್ಳು. ಮಾರಬೇಡ.’ ಕೆಳಗೆ ಸಹಿ.

ಸತ್ತು ಹದಿನೈದು ನಿಮಿಷದ ಮೇಲೆ ಬರೆದ ಮನುಷ್ಯ! ನಂಬರ್ ಒತ್ತಿದ ಸುದ್ದಿಗೇ ಕಚೇರಿಯ ಕಸ ಗುಡಿಸುವವಳು ಈ ಕೋಣೆಗೆ ಕಾಲಿಡುತ್ತಿಲ್ಲ.

“ಮೇಡಂ, ಒಂದು ಮಾತು. ಬೈಬಾರದು.” ಸೊಸೆ ದನಿ ತಗ್ಗಿಸಿದಳು. “ಮಾವನಿಗೆ ಒಂದು ಅಭ್ಯಾಸ. ಸರಿ ಉತ್ತರ ಹೇಳಿದವರಿಗೆ ಪೆನ್ಸಿಲಿನ ಹಿಂಬದಿಯಿಂದ ಮೇಜಿನ ಮೇಲೆ ಎರಡು ಸಲ ಟಕ್ ಟಕ್ ಅನ್ನಿಸೋದು. ಆರು ದಿನದಿಂದ ನಂಗೆ ಅದೇ ಕೇಳಿಸ್ತಿದೆ. ಕಣ್ಣು ಮುಚ್ಚಿದ್ರೆ ಸಾಕು.”

ಮೇಜಿನ ಬಲಮೂಲೆಯಲ್ಲಿ ಅಭ್ಯಾಸದ ಗುರುತಿತ್ತು, ಕಾಳಿನಷ್ಟು ಸಣ್ಣ ಗುಳಿ. ಇನ್ಸ್‌ಪೆಕ್ಟ್ರಮ್ಮ ಅದರ ಮೇಲೆ ಬೆರಳಿಟ್ಟರು. ಪೊಲೀಸರು ಬರೆದುಕೊಂಡ ಪಟ್ಟಿ ಅವರಿಗೆ ಬಾಯಿಪಾಠ: ಮೇಜಿನ ಮೇಲೆ ನೀರಿನ ಲೋಟ ಒಂದು, ಕರವಸ್ತ್ರ ಒಂದು, ಪುಸ್ತಕ ಒಂದು. ಪೆನ್ಸಿಲ್ ಇರಲಿಲ್ಲ. ನೆಲದಲ್ಲಿ, ಡ್ರಾಯರಿನಲ್ಲಿ, ಎಲ್ಲೂ ಇರಲಿಲ್ಲ. ಎಲ್ಲೋ ಉರುಳಿರಬೇಕು ಎಂದಿದ್ದರು ಎಲ್ಲರೂ. ಪೆನ್ಸಿಲ್ ತಾನೇ ಎಂದು ಎಲ್ಲರಿಗೂ ತಾತ್ಸಾರ.

ಅವರು ಚೀಲದಿಂದ ಪುಸ್ತಕ ತೆಗೆದರು. ಪೊಲೀಸರಿಗೆ ಅದು ಏನೆಂದೇ ತಿಳಿಯದೆ ಬಿಟ್ಟುಹೋಗಿದ್ದರು. ಸೊಸೆಯ ಬೀರುವಿನಲ್ಲಿದ್ದುದನ್ನು ನಿನ್ನೆ ಇವರು ಈಸಿಕೊಂಡಿದ್ದರು.

“ಇದ್ಯಾಕೆ, ಕೆಲವು ಪುಟ ಪೆನ್ಸಿಲಲ್ಲಿ, ಕೆಲವು ಮಸಿಯಲ್ಲಿ?”

“ಬರೆಯೋದೆಲ್ಲಾ ಪೆನ್ಸಿಲಲ್ಲೇ. ಪೇಟೆ ಮುಚ್ಚಿದ ಮೇಲೆ, ಮಾವ ಅಂದಿದ್ದು ಸರಿಯಾಗಿದ್ರೆ ಆ ಅಕ್ಷರದ ಮೇಲೇ ಮಸಿ ತಿದ್ದೋದು. ತಪ್ಪಾಗಿದ್ರೆ ಪೆನ್ಸಿಲಲ್ಲೇ ಬಿಡೋದು. ಅಳಿಸೋ ಹಾಗಿಲ್ಲ.” ಅವಳ ಮುಖದಲ್ಲಿ ಎಲ್ಲಿಂದಲೋ ಒಂದಿಷ್ಟು ಬೆಳಕು ಬಂತು. “ಅರವತ್ತರಲ್ಲಿ ಮೂವತ್ತೇಳು ಮಸಿ, ಇಪ್ಪತ್ಮೂರು ಪೆನ್ಸಿಲ್. ‘ಇಪ್ಪತ್ಮೂರು ಸಲ ನಿಮಗಿಂತ ಗಿಣಿನೇ ಜಾಣ ಮಾವ’ ಅಂತ ರೇಗಿಸೋಳು ನಾನು. ‘ಮೂವತ್ತೇಳು ಸಲ ನಿನ್ನ ಗಿಣಿ ದಡ್ಡ ಅಲ್ವೇನೇ?’ ಅನ್ನೋರು.”

ನಗಲು ಹೋದಳು, ಕಣ್ಣೀರೇ ಬಂತು.

ಇನ್ಸ್‌ಪೆಕ್ಟ್ರಮ್ಮ ಅವಳನ್ನು ಅಳಲು ಬಿಟ್ಟರು. ಅವರ ಕಣ್ಣು ಅರವತ್ತೊಂದನೆಯ ಬರಹದ ಮೇಲೆ, ಕೊನೆಯ ಪುಟದ ಮೇಲೆ ನೆಟ್ಟಿತ್ತು. ಅದು ಅಚ್ಚುಕಟ್ಟಾದ ಕಡುನೀಲಿ ಮಸಿಯಲ್ಲಿತ್ತು.

“ಪೇಟೆ ಮುಚ್ಚೋದು ಎಷ್ಟು ಗಂಟೆಗೆ?”

“ಮೂರೂವರೆಗೆ.”

“ಮೇಷ್ಟ್ರು ಅಷ್ಟೊತ್ತು ಇರಲಿಲ್ಲ ಅಲ್ವಾ? ಹಾಗಾದ್ರೆ ಈ ಪುಟಕ್ಕೆ ಮಸಿ ಹಾಕಿದ್ಯಾರು?”

ಸೊಸೆಯ ಕೈ ಕುತ್ತಿಗೆಗೆ ಹೋಯಿತು. ಸುಳ್ಳು ಹುಡುಕುತ್ತಿದ್ದಾಳೆಯೇ? ಇಲ್ಲ, ಧೈರ್ಯ ಹುಡುಕುತ್ತಿದ್ದಳು.

“ನಾನೇ. ಮಾವನ ಕೈ ನಡುಗೋಕೆ ಶುರುವಾಗಿ ಎರಡು ವರ್ಷ ಆಯ್ತು, ಆವಾಗಿಂದ ಮಸಿ ತಿದ್ದೋದು ನಾನೇ. ಅವತ್ತು ಮೂರು ಗಂಟೆಗೆ ಪೇಟೆ ಮೇಲೆದ್ದಿತ್ತು. ಗಿಣಿ ಮಾರಿದ್ರೆ ನಾನೂರು ಜನದ ಹಣ ಮುಳುಗಿ ಹೋಗ್ತಿತ್ತು. ಅವರನ್ನ ಕರ್ಕೊಂಡು ಹೋದ ಮೇಲೆ ಇಲ್ಲಿ ಒಬ್ಬಳೇ ನಿಂತಿದ್ದೆ. ಕೈ ತಾನಾಗೇ ಪೆನ್ನು ತಗೊಳ್ತು. ಅವರ ಕೊನೇ ಮಾತು ತಪ್ಪು ಅನ್ನೋ ಥರ ಪೆನ್ಸಿಲಲ್ಲಿ ಉಳೀಬಾರದು ಅನಿಸ್ತು ಮೇಡಂ. ಅಷ್ಟೇ.”

ನಾನೂರು ಜನವೆಂದರೆ ಮೇಷ್ಟ್ರ ಜೊತೆ ಶಾಲೆಗಳಲ್ಲಿ ದುಡಿದ ಹಳೆಯ ಶಿಕ್ಷಕರು. ಮೂವತ್ತು ವರ್ಷ ಗಣಿತ ಹೇಳಿದ ಮನುಷ್ಯನನ್ನು ನಂಬಿ ತಮ್ಮ ಮುಪ್ಪನ್ನೇ ಅವರ ಕೈಗೆ ಕೊಟ್ಟವರು.

ಇನ್ಸ್‌ಪೆಕ್ಟ್ರಮ್ಮ ಪುಟದ ಬೆನ್ನ ಮೇಲೆ ಹೆಬ್ಬೆರಳು ಸವರಿದರು. ಪೆನ್ಸಿಲ್ ಒತ್ತಿದ ಕಡೆ ಕಾಗದ ಹಿಂದಕ್ಕೆ ಉಬ್ಬಿತ್ತು: ‘ಈ ಇಳಿತ ಸುಳ್ಳು’, ಉಬ್ಬಿದೆ. ‘ಮಾರಬೇಡ’, ಉಬ್ಬಿದೆ. ಸಹಿಯೂ ಅಷ್ಟೇ. ‘2:25’ ಇದ್ದ ಜಾಗ ಮಾತ್ರ ನುಣುಪಾಗಿತ್ತು. ನಿಬ್ಬಿನ ಪೆನ್ನು ಒತ್ತುವುದಿಲ್ಲ.

“ಟೈಮಿನ ಕೆಳಗೆ ಪೆನ್ಸಿಲ್ಲೇ ಇಲ್ಲ.”

“ಇರಲಿಲ್ಲ. ಮಾವ ಯಾವತ್ತೂ ಮರೆತವರಲ್ಲ, ಅವತ್ತು ಯಾಕೋ ಹಾಕಿರಲಿಲ್ಲ. ಗಿಣಿಯಲ್ಲಿ ದಾಖಲಾಗಿತ್ತಲ್ಲ, ಅದನ್ನ ನೋಡಿ ನಾನೇ ಬರೆದೆ.”

ಅಬ್ಬ! ಸತ್ತವರು ಬರೆದ ಬರಹ ಅಲ್ಲಿಗೆ ಅರ್ಧ ಬಗೆಹರಿಯಿತು. ಬದುಕಿದ್ದಾಗಲೇ ಬರೆದಿಟ್ಟಿದ್ದರು, ಗಂಟೆ ಹೊಡೆದಾಗ ಟೈಮು ಹಾಕೋಣವೆಂದು ಜಾಗ ಬಿಟ್ಟಿದ್ದರು. ಕಾಲು ಮುರಿದಿದ್ದರಿಂದ ಆ ವಾರ ಪುಸ್ತಕ ಅವರ ಮೇಜಿನ ಮೇಲೇ ಇತ್ತು, ಗೋಡೆಯ ತನಕ ಕುರ್ಚಿಯನ್ನೇ ಉರುಳಿಸಿಕೊಂಡು ಹೋಗುತ್ತಿದ್ದರು. ಆದರೆ ಗೋಡೆಯ ಬಳಿ ಹೋಗಿ ನಂಬರ್ ಒತ್ತಿದ್ದು ಯಾರು?

ಬಾಗಿಲು ತೆರೆಯಿತು. ಕೋಟಿನ ಮೂರೂ ಗುಂಡಿ ಹಾಕಿಕೊಂಡ ಚಿಕ್ಕಮಾವ ಒಳಗೆ ಬಂದರು.

ಮೇಷ್ಟ್ರ ಹೆಂಡತಿಯ ತಮ್ಮ ಅವರು, ವ್ಯವಹಾರದಲ್ಲಿ ಪಾಲುದಾರರು. ಸೊಸೆ ಕರೆಯುವುದನ್ನು ಕೇಳಿ ಕಚೇರಿಯೆಲ್ಲ ಚಿಕ್ಕಮಾವ ಎಂದೇ ಕರೆಯುತ್ತಿತ್ತು. ಅವತ್ತು ಮಧ್ಯಾಹ್ನವೆಲ್ಲ ಮಹಡಿಯ ಮೇಲಿದ್ದೆ, ಸೊಸೆ ಕಿರುಚಿದ ಮೇಲೇ ಕೆಳಗೆ ಓಡಿಬಂದೆ, ಆಗಲೂ ಈ ಕೋಣೆಯ ಬಾಗಿಲು ದಾಟಲಿಲ್ಲ ಎಂದು ಹೇಳಿಕೆ ಕೊಟ್ಟಿದ್ದರು.

“ಇನ್ನೂ ಮುಗೀಲಿಲ್ವಾ ಇನ್ಸ್‌ಪೆಕ್ಟ್ರಮ್ಮ? ನಾಲ್ಕು ಸಾಲಿಗೆ ಇಷ್ಟು ದಿನ ಬೇಕಾ?”

“ಮೂರು ಬರೆದಾಯ್ತು ಸ್ವಾಮಿ. ನಾಲ್ಕನೇದಕ್ಕೆ ನಿಮ್ಮನ್ನೇ ಕಾಯ್ತಿದ್ದೆ.” ಇನ್ಸ್‌ಪೆಕ್ಟ್ರಮ್ಮ ಪುಸ್ತಕ ಮುಚ್ಚಿದರು.

“ನನ್ನ ಕೇಳಿದ್ರೆ ಇದ್ರಲ್ಲಿ ತಲೆ ಕೆಡಿಸ್ಕೊಳ್ಳೋದೇನಿಲ್ಲ. ನಂಬರ್ ಗೊತ್ತಿಲ್ಲದೇನೂ ಗಿಣಿಯೊಳಗೆ ಕೈ ಹಾಕಬಲ್ಲವಳು ಇವಳೊಬ್ಬಳೇ. ಭಾವ ಕುರ್ಚಿಯಲ್ಲಿ ಸತ್ತು ಕೂತಿರುವಾಗಲೇ ಒತ್ತಿದಾಳೆ, ಆಮೇಲೆ ಹದಿನೈದು ನಿಮಿಷ ಸುಮ್ಮನಿದ್ದು ಕಿರುಚಿದಾಳೆ.”

“ಚಿಕ್ಕಮಾವ, ನಾನು ಅಂಚೆ ಕಚೇರಿಯಿಂದ ಬಂದಿದ್ದೇ ಎರಡೂ ನಲವತ್ತಕ್ಕೆ. ಆ ನಂಬರ್ ನಂಗೆ ಗೊತ್ತಿಲ್ಲ ಅಂತ ಎಷ್ಟು ಸಲ ಹೇಳ್ಲಿ?”

“ಅಂತೂ ಒತ್ತಿದ್ದರಿಂದ ಒಳ್ಳೇದೇ ಆಯ್ತಲ್ಲ ಸ್ವಾಮಿ,” ಎಂದರು ಇನ್ಸ್‌ಪೆಕ್ಟ್ರಮ್ಮ. “ನಾನೂರು ಜನದ ಹಣ ಉಳೀತು.”

ಚಿಕ್ಕಮಾವನ ಮುಖ ಕೆಂಪಾಯಿತು. “ಅದೃಷ್ಟ! ಬರೀ ಅದೃಷ್ಟ! ಇದೇ ಥರ ಹೋದ ವರ್ಷ ಭಾವ ಬೇಡ ಅಂದ್ರು, ನನ್ನ ಮಗಳ ಓದಿನ ದುಡ್ಡು ಗುಳುಂ ಆಯ್ತು. ಆ ಪುಟ ಇನ್ನೂ ಪೆನ್ಸಿಲಲ್ಲೇ ಇದೆ, ತೆಗೆದು ನೋಡಿ. ನಿಯಮ ಅಂತ ಮಾಡಿದ್ದು ಯಾಕೆ? ಮುರಿಯೋಕಾ? ಭಾವ ಹೋದ ದಿನದ್ದಂತೂ ಲೆಕ್ಕಕ್ಕೇ ಬರಲ್ಲ. ಕಾರಣ ಇದೆ, ಸಹಿ ಇದೆ, ಟೈಮೇ ಹಾಕಿಲ್ಲ ಭಾವ! ಮೂರರಲ್ಲಿ ಒಂದಿಲ್ಲದಿದ್ರೂ ಅದು ಬರಹವೇ ಅಲ್ಲ.”

ಇನ್ಸ್‌ಪೆಕ್ಟ್ರಮ್ಮ ನಿಧಾನವಾಗಿ ಕೊನೆಯ ಪುಟ ತೆರೆದು ಅವರ ಮುಂದೆ ಹಿಡಿದರು.

“ಇಲ್ಲಿದೆಯಲ್ಲ ಟೈಮು.”

ಚಿಕ್ಕಮಾವ ನೋಡಿದರು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು.

“ಇದು ಬರೆದಿದ್ದು ಅವತ್ತು ಸಂಜೆ, ನೀವು ಭಾವನ ದೇಹದ ಜೊತೆ ಹೋದ ಮೇಲೆ. ಅಲ್ಲಿಂದ ಪುಸ್ತಕ ಇವಳ ಬೀರುವಿನಲ್ಲಿತ್ತು, ಆಮೇಲೆ ನನ್ನ ಚೀಲದಲ್ಲಿತ್ತು. ಟೈಮ್ ಇಲ್ಲದ ಪುಟಾನ ನೋಡಿರೋಕೆ ಸಾಧ್ಯ ಇರೋದು ಅವತ್ತು ಮಧ್ಯಾಹ್ನ ಈ ಮೇಜಿನ ಹತ್ತಿರ ಬಂದವರಿಗೆ ಮಾತ್ರ. ಮಹಡಿಯಿಂದಲೋ ಬಾಗಿಲಿಂದಲೋ ಅಷ್ಟು ದೂರ ಕಣ್ಣು ಕಾಣತ್ತಾ ನಿಮಗೆ?”

ಹೇಳಬಾರದ್ದನ್ನು ಹೇಳಿಸಿದ್ದು ಅವರ ನಿಯಮದ ಹುಚ್ಚೇ. ಬೇರೆ ಯಾರೇ ಆಗಿದ್ದರೂ ಟೈಮಿನ ಮಾತೆತ್ತುತ್ತಿರಲಿಲ್ಲ, ಅದು ಅವರ ಕಣ್ಣಿಗೇ ಬೀಳುತ್ತಿರಲಿಲ್ಲ.

ಚಿಕ್ಕಮಾವ ಮೇಜಿನ ಅಂಚು ಹಿಡಿದುಕೊಂಡರು.

“ಬಂದಿದ್ದೆ. ಎರಡಕ್ಕೆ. ಪೇಟೆ ಬೀಳತ್ತೆ, ಗಿಣಿ ಮಾರೋಕೆ ಹೊರಡತ್ತೆ, ನಾನು ಬೇಡ ಅಂತೀನಿ ಅಂದ್ರು. ಆಗಲೇ ಬರೆದಿಟ್ಕೊಂಡಿದ್ರು. ಜಗಳ ಆಯ್ತು. ಜೋರಾಗೇ ಆಯ್ತು. ಐದೇ ನಿಮಿಷ, ಹೊರಟುಬಿಟ್ಟೆ. ಆವಾಗ ಭಾವ ಬದುಕಿದ್ರು. ನನ್ನ ಮಗಳಾಣೆಗೂ ಬದುಕಿದ್ರು! ಬೇಡ ಒತ್ತಿದ್ದು ನಾನಲ್ಲ. ಒತ್ತೋನಾಗಿದ್ರೆ ಜಗಳ ಯಾಕೆ ಆಡ್ಲಿ?”

ಮಾತಿನಲ್ಲಿ ನ್ಯಾಯವಿತ್ತು. ಅದೇ ಇನ್ಸ್‌ಪೆಕ್ಟ್ರಮ್ಮನಿಗೆ ನುಂಗಲಾರದ ತುತ್ತಾಯಿತು.

ಆಗ ಗಂಟೆ ಹೊಡೆಯಿತು.

ಅದು ಮೇಷ್ಟ್ರು ಹಳೆಯ ಶಾಲೆಯಿಂದ ತಂದು ಗೋಡೆಗೆ ಹಾಕಿಸಿದ್ದ ಕರೆಂಟಿನ ಗಂಟೆ. ಮೂವರೂ ಬೆಚ್ಚಿಬಿದ್ದರು. ಪರದೆಯ ಮೇಲೆ ಅಂಕಿಗಳು ದಡದಡ ಇಳಿಯುತ್ತಿದ್ದವು. ಕೆಳಗೆ ಗಿಣಿಯ ಎಣಿಕೆ ಶುರುವಾಗಿತ್ತು. ಅರವತ್ತು. ಐವತ್ತೊಂಬತ್ತು.

“ಮಾರಲಿ ಬಿಡಿ,” ಎಂದರು ಚಿಕ್ಕಮಾವ ಉಸಿರು ಬಿಟ್ಟು. “ನಿಯಮ ಇರೋದೇ ಇಂಥ ದಿನಕ್ಕೆ. ಬೇಡ ಅನ್ನೋಕೆ ಈಗ ನಂಬರ್ ಗೊತ್ತಿರೋರು ಯಾರೂ ಇಲ್ಲ.”

ಸೊಸೆ ಪರದೆ ನೋಡುತ್ತ ನಿಂತಿದ್ದಳು. ತುಟಿ ಅಲುಗುತ್ತಿತ್ತು, ಲೆಕ್ಕ ಹಾಕುವವರ ಹಾಗೆ. “ಇದೂ ಸುಳ್ಳು ಇಳಿತವೇ,” ಎಂದಳು ಯಾರಿಗೋ ಎಂಬಂತೆ. “ಅವತ್ತಿನ ಥರಾನೇ. ಮಾವ ಇದ್ದಿದ್ರೆ…”

ನಲವತ್ತು. ಮೂವತ್ತೊಂಬತ್ತು.

ಅವಳು ನಡೆದಳು. ಹತ್ತು ಹೆಜ್ಜೆ, ಒಂದೂ ತಡವರಿಸಲಿಲ್ಲ. ಗೋಡೆಯ ಮುಂದೆ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ನಾಲ್ಕು ಅಂಕಿ ಒತ್ತಿದಳು, ಪಟಪಟನೆ, ಹುಡುಕದೆ.

ಗಂಟೆ ನಿಂತಿತು. ಪರದೆಯ ಮೇಲೆ ‘ಬೇಡ: ಒಪ್ಪಿಗೆ’ ಎಂದು ಮೂಡಿತು.

ಆರು ದಿನ ಇನ್ಸ್‌ಪೆಕ್ಟ್ರಮ್ಮ ಕಾಪಾಡಿಕೊಂಡು ಬಂದಿದ್ದ ತೀರ್ಮಾನ ಆ ನಾಲ್ಕು ಅಂಕಿಯಲ್ಲಿ ಮಣ್ಣುಪಾಲಾಗಿತ್ತು. ನಾನೂರು ಜನದ ಹಣಕ್ಕಾಗಿ ಹುಡುಗಿ ತನ್ನ ಕೈಗೆ ತಾನೇ ಬೇಡಿ ತೊಡಿಸಿಕೊಂಡಿದ್ದಳು.

“ನಂಬರ್ ಗೊತ್ತಿಲ್ಲ ಅಂದಿದ್ದೆ.”

“ನನ್ನ ಗಂಡ ಹೋದ ತಾರೀಖು ಮೇಡಂ.” ಅವಳು ತಿರುಗಲಿಲ್ಲ, ಗೋಡೆಗೇ ಹೇಳಿದಳು. “ಮಾವ ಇನ್ನೇನು ಇಟ್ಟಾರು?”

“ಹಾಗಾದ್ರೆ ಅವತ್ತೂ…”

“ನಾನೇ. ಮೆಟ್ಟಿಲು ಹತ್ತುವಾಗಲೇ ಗಂಟೆ ಹೊಡೀತಿತ್ತು. ಓಡಿಬಂದೆ. ಮಾವ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತಿದ್ರು, ಮುಂದೆ ಪುಸ್ತಕ ತೆರೆದಿತ್ತು, ‘ಮಾರಬೇಡ’ ಅಂತ. ಇಪ್ಪತ್ತು ಸೆಕೆಂಡು ಉಳಿದಿತ್ತು. ನಿದ್ದೆ ಹತ್ತಿರಬೇಕು ಅನ್ಕೊಂಡೆ. ನಾನು… ನಾನು ಮೊದಲು ಗೋಡೆ ಹತ್ತಿರ ಹೋದೆ ಮೇಡಂ. ಮಾವನ ಹತ್ತಿರ ಅಲ್ಲ.”

“ಆಮೇಲೆ ಹದಿನೈದು ನಿಮಿಷ?”

“ಪರದೆ ನೋಡ್ತಾ ಅಲ್ಲೇ ನಿಂತಿದ್ದೆ. ಏರತ್ತೋ ಇಳಿಯತ್ತೋ ಅಂತ. ಮಾವ ಒಪ್ಪಿದಾರೆ ಅನ್ನೋ ಧೈರ್ಯದ ಮೇಲೆ ನಿಂತಿದ್ದೆ. ಬೆನ್ನ ಹಿಂದೆ ಸದ್ದು ಮಾಡಿದ್ರಲ್ಲ, ಎರಡು ಸಲ. ಪೆನ್ಸಿಲಿಂದ, ಟಕ್ ಟಕ್ ಅಂತ. ಸರಿ ಉತ್ತರಕ್ಕೆ ಮಾಡೋ ಹಾಗೆ. ಆದ್ರೆ ಡಾಕ್ಟರು ಎರಡೂ ಹತ್ತಕ್ಕೇ ಹೋಗಿದ್ರು ಅಂತಾರೆ. ಹಾಗಾದ್ರೆ ಆ ಸದ್ದು? ಅದನ್ನ ಯಾರಿಗೆ ಹೇಳ್ಲಿ? ಹುಚ್ಚಿ ಅನ್ನಲ್ವಾ?”

ಇನ್ಸ್‌ಪೆಕ್ಟ್ರಮ್ಮನ ತಲೆಯಲ್ಲಿ ಪೊಲೀಸರ ಪಟ್ಟಿ ಸುತ್ತುತ್ತಿತ್ತು. ಲೋಟ ಒಂದು. ಕರವಸ್ತ್ರ ಒಂದು. ಪುಸ್ತಕ ಒಂದು.

“ಅದು ಸಾಧ್ಯವೇ ಇಲ್ಲ,” ಎಂದರು ಚಿಕ್ಕಮಾವ.

ಅವರ ಬಣ್ಣವೇ ಇಳಿದುಹೋಗಿತ್ತು. ಕೈಯನ್ನು ಕೋಟಿನ ಒಳಜೇಬಿಗೆ ಹಾಕಿ ಅವರು ಏನನ್ನೋ ತೆಗೆದು ಮೇಜಿನ ಮೇಲಿಟ್ಟರು. ಬೆರಳುದ್ದದ ಪೆನ್ಸಿಲ್. ಹಿಂಬದಿ ಕುಟ್ಟಿ ಕುಟ್ಟಿ ಚಪ್ಪಟೆಯಾಗಿತ್ತು.

“ಟೈಮು ಹಾಕದಿದ್ರೆ ಬೇಡ ಅನ್ನೋಕೆ ಆಗಲ್ಲ ಅಂತ… ಭಾವ ನಿಯಮ ಮೀರೋರಲ್ಲ ಅಂತ ಗೊತ್ತಿತ್ತು. ಹೊರಡುವಾಗ ಇದನ್ನ ಕಿತ್ಕೊಂಡು ಹೋದೆ. ಅಷ್ಟೇ ಮಾಡಿದ್ದು ನಾನು. ದೇವರಾಣೆ ಅಷ್ಟೇ. ಎರಡೂ ಐದರಿಂದ ಇದು ನನ್ನ ಜೇಬಲ್ಲೇ ಇದೆ.”

ಸೊಸೆ ಈಗ ತಿರುಗಿದಳು. ಪೆನ್ಸಿಲನ್ನು ನೋಡಿದಳು. ಖಾಲಿ ಕುರ್ಚಿಯನ್ನು ನೋಡಿದಳು. ಕೊನೆಗೆ ಇನ್ಸ್‌ಪೆಕ್ಟ್ರಮ್ಮನ ಮುಖ ನೋಡಿದಳು.

“ಪೆನ್ಸಿಲ್ ಇಲ್ಲದಿದ್ರೆ… ಮಾವ ಯಾತರಿಂದ ಕುಟ್ಟಿದ್ರು ಮೇಡಂ? ಯಾಕೆ ಕುಟ್ಟಿದ್ರು?”

ಆ ಪ್ರಶ್ನೆಗೆ ಉತ್ತರ ಇನ್ಸ್‌ಪೆಕ್ಟ್ರಮ್ಮನಿಗೆ ಹತ್ತೊಂಬತ್ತು ವರ್ಷದಿಂದ ಗೊತ್ತಿತ್ತು. ಮಾತಾಡಲಾಗದ ಮನುಷ್ಯ ಬೆರಳ ಗಿಣ್ಣಿನಿಂದ ಮರ ಕುಟ್ಟುವುದು ಯಾಕೆಂದು ಆ ಬಾಗಿಲು ಅವರಿಗೆ ಕಲಿಸಿತ್ತು. ಶಭಾಸ್ ಎನ್ನಲು ಯಾರೂ ಹಾಗೆ ಕುಟ್ಟುವುದಿಲ್ಲ. ಬಾ ಎನ್ನಲು ಕುಟ್ಟುತ್ತಾರೆ.

ಡಾಕ್ಟರ ಲೆಕ್ಕ ಸರಿಯಿದ್ದರೆ ಆ ಸದ್ದು ಬರೀ ಭ್ರಮೆ, ಈ ಹುಡುಗಿ ಬದುಕಿಕೊಳ್ಳುತ್ತಾಳೆ. ಎರಡೂ ಹತ್ತು. ಅದೊಂದು ಸರಿಯಿರಲಿ.

ಚೀಲದಲ್ಲಿ ಫೋನು ಹೊಡೆದುಕೊಂಡಿತು. ಠಾಣೆಯ ಅಧಿಕಾರಿ.

“ಮೇಡಂ, ನಿಮ್ಮ ನಾಲ್ಕು ಸಾಲು ಸ್ವಲ್ಪ ತಡೀರಿ. ಡಾಕ್ಟರು ಇಲ್ಲೇ ಬಂದು ಕೂತಿದ್ದಾರೆ. ಸಾವಿನ ಟೈಮು ತಿದ್ದಬೇಕಂತೆ.”

ಅವನ ದನಿ ಫೋನಿನಿಂದ ಹೊರಗೆಲ್ಲ ಕೇಳುವಷ್ಟು ಜೋರಾಗಿತ್ತು. ಸೊಸೆಗೂ ಕೇಳಿಸಿತು. ಅವಳು ಮಾವನ ಕುರ್ಚಿಯ ತೋಳು ಹಿಡಿದು, ಇನ್ಸ್‌ಪೆಕ್ಟ್ರಮ್ಮ ‘ಎಷ್ಟಕ್ಕೆ?’ ಎಂದು ಕೇಳುವುದನ್ನೇ ಕಾಯುತ್ತ ನಿಂತಳು.